ಉಸ್ಮಾನಿಯಾದ ಮೆಟ್ಟಿಲ ಮೇಲೆ



ಕಳೆದ ಚಳಿಗಾಲದಲ್ಲಿ ಅಮೆರಿಕದಿಂದ ನನ್ನ ಅಕ್ಕನ ಮಗಳು ಬಂದಿದ್ದಳು. ಅವಳಿಗೆ ನಮ್ಮ ಹೈದರಾಬಾದನ್ನು ತೋರಿಸಬೇಕಲ್ಲ! ಚಾರ್‌ಮಿನಾರ್, ಲಾಡ್ ಬಜಾರಿನ ಬಳೆ, ಇರಾನಿ ಚಹಾ ಎಲ್ಲ ಆಯಿತು. ಮರುದಿನ ಕಾಚಿಗುಡದಿಂದ ಆಟೋ ಹಿಡಿದು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೊರಟೆವು.

"ಅಲ್ಲೇನಿದೆ ಚಿಕ್ಕಮ್ಮ?"

"ನಮ್ಮ ಕನ್ನಡದ ಕವಿಯೊಬ್ಬರು ಓದಿದ ಜಾಗ ಕಣೇ."

1939ರಲ್ಲಿ ಉದ್ಘಾಟನೆಯಾದ ಕಲಾ ಕಾಲೇಜಿನ ಕಟ್ಟಡ ಇಳಿಬಿಸಿಲಿಗೆ ಇನ್ನಷ್ಟು ಗುಲಾಬಿಯಾಗಿ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಕುಳಿತು ಅವಳಿಗೆ ಸಿದ್ಧಯ್ಯ ಪುರಾಣಿಕರ ಕಥೆ ಹೇಳಿದೆ.

ಈ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1918ರಲ್ಲಿ. ಪುರಾಣಿಕರು ಹುಟ್ಟಿದ್ದೂ ಅದೇ ವರ್ಷ, ಇಂದಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದಲ್ಲಿ. ರಾಯಚೂರು, ಕಲಬುರಗಿ, ಬೀದರಗಳೆಲ್ಲ ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಇವು ಕನ್ನಡನಾಡನ್ನು ಸೇರಿದ್ದು 1956ರಲ್ಲಿ. ಅಂದು ಇಲ್ಲಿ ಪಾಠವೆಲ್ಲ ಉರ್ದುವಿನಲ್ಲಿ, ಸರ್ಕಾರದ ವ್ಯವಹಾರವೂ ಉರ್ದುವಿನಲ್ಲಿ. ಪುರಾಣಿಕರು ಹಾಗೆಯೇ ಓದಿದರು, ಸರ್ಕಾರಿ ಸೇವೆಗೆ ಸೇರಿದರು, ಮುಂದೆ ಐ.ಎ.ಎಸ್. ಅಧಿಕಾರಿಯೂ ಆದರು. ಆದರೆ 'ಕಾವ್ಯಾನಂದ' ಎಂಬ ಹೆಸರಿನಲ್ಲಿ ಕವಿತೆ ಬರೆದದ್ದು ಕನ್ನಡದಲ್ಲಿ. 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1994ರಲ್ಲಿ ತೀರಿಕೊಂಡರು.

"ಅಜ್ಜನ ಕೋಲನ್ನೇ ಕುದುರೆ ಮಾಡಿಕೊಂಡ ಹುಡುಗನ ಹಾಡಿದೆಯಲ್ಲ, ಅದು ಅವರದೇ" ಎಂದೆ.

ಹುಡುಗಿ ಥಟ್ಟನೆ ಎದ್ದು ನಿಂತಳು. "ಅದು ಅಜ್ಜಿಯ ಹಾಡು!" ಎನ್ನುತ್ತಾ ತನ್ನ ಅಮೆರಿಕದ ಉಚ್ಚಾರದಲ್ಲಿ ಹಾಡನ್ನು ಪೂರ್ತಿ ಹೇಳಿಬಿಟ್ಟಳು. ಆರು ತಿಂಗಳು ಅಲ್ಲಿದ್ದು ಬಂದ ನನ್ನ ಅಮ್ಮ ಕಲಿಸಿದ್ದಂತೆ.

ನನಗೆ ಮಾತ್ರ ನಗು ಬರಲಿಲ್ಲ. ಇದೇ ಊರಿನಲ್ಲಿ ಬೆಳೆದ ನನ್ನ ಮಗನಿಗೆ ಆ ಹಾಡು ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನು, ಮಗ ಹಿಂದೆ ಬೀಳಬಾರದೆಂದು ಮನೆಯಲ್ಲೂ ಇಂಗ್ಲಿಷನ್ನೇ ಆಡಿದೆ. ಯಾರಾದರೂ ಕೇಳಿದರೆ, "ಅವನ ಶಾಲೆಯಲ್ಲಿ ಕನ್ನಡ ಇರಲಿಲ್ಲ" ಎನ್ನುತ್ತಿದ್ದೆ. ಪುರಾಣಿಕರ ಈ ಕಾಲೇಜಿನಲ್ಲೂ ಪಾಠ ಕನ್ನಡದಲ್ಲಿ ಇರಲಿಲ್ಲವಲ್ಲ! ಆ ಮೆಟ್ಟಿಲ ಮೇಲೆ ನನ್ನ ನೆಪ ನಿಲ್ಲಲಿಲ್ಲ.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ, ಮಕ್ಕಳೇ. ತಪ್ಪು ನಮ್ಮಂಥ ತಾಯಂದಿರದು. ಆದರೆ ಮನೆಯಲ್ಲಿ ಅಜ್ಜಿ ಇದ್ದರೆ ಒಂದು ಹಾಡು ಕೇಳಿ ಇಟ್ಟುಕೊಳ್ಳಿ. ಬರೆದವರು ಯಾರೆಂದೂ ಕೇಳಿ.

ಅಂದು ರಾತ್ರಿ ಮಗನಿಗೆ ಫೋನ್ ಮಾಡಿ ಆ ಹಾಡು ಹೇಳಿದೆ. "ನಾನೇನು ಮಗುವೇನಮ್ಮ?" ಎಂದು ನಕ್ಕ. ಆದರೆ ಹಾಡು ಮುಗಿಯುವವರೆಗೂ ಫೋನ್ ಇಡಲಿಲ್ಲ.