ಗೋವಾದ ಹಳೆ ಸ್ಟಾರ್ಮ್‌ಗೆ ಹೊಸ ದಾರಿಗಾರ

ಗೋವಾದಲ್ಲೇ ಒಂದು ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು ಎಂದರೆ ಊರಲ್ಲಿ ಅನೇಕರು ನಂಬುವುದಿಲ್ಲ. 1990ರ ದಶಕದ ಕೊನೆಯಲ್ಲಿ ಬಂದ ಸ್ಯಾನ್ ಸ್ಟಾರ್ಮ್ ಅದು. ಎರಡೇ ಸೀಟು, ಫೈಬರ್ ಬಾಡಿ, ರೆನೋದ 1149 ಸಿಸಿ ಎಂಜಿನ್. ಈಗ ರಸ್ತೆಯಲ್ಲಿ ಕಾಣಸಿಗುವುದೇ ಅಪರೂಪ.

ಮಡಗಾಂವಿನ ಪರಿಚಯದ ಕಾಕ ಒಬ್ಬರಲ್ಲಿ ಅದಿದೆ. ಡ್ಯಾಶ್‌ಬೋರ್ಡ್ ಕೊಯ್ದು ದೊಡ್ಡ ನ್ಯಾವಿಗೇಶನ್ ಸ್ಕ್ರೀನ್ ಕೂರಿಸಬೇಕೆಂದು ಅವರ ಮಗನ ಆಸೆ. "ಕೊಯ್ದ ಮೇಲೆ ಇನ್ನೊಂದು ಡ್ಯಾಶ್‌ಬೋರ್ಡ್ ಎಲ್ಲಿಂದ ತರುವುದು ಕಾಕ?" ಎಂದೆ. ಕೊನೆಗೆ ಹಳೆ ರೇಡಿಯೋದ ಜಾಗಕ್ಕೆ ಹಿಡಿಸುವ ಸಣ್ಣದನ್ನೇ ಒಪ್ಪಿದರು.

ಈ ಕಾರು ಹುಟ್ಟಿದಾಗಲೂ ಜಿಪಿಎಸ್ ಇತ್ತು. ಆದರೆ ಸಾಮಾನ್ಯರಿಗೆ ಸಿಗುವ ಸಿಗ್ನಲ್‌ನಲ್ಲಿ ಅಮೆರಿಕ ಬೇಕೆಂದೇ ತಪ್ಪು ಬೆರೆಸುತ್ತಿತ್ತು, ಸುಮಾರು 100 ಮೀಟರ್‌ವರೆಗೂ. ಗೋವಾದ ಓಣಿಗಳಲ್ಲಿ 100 ಮೀಟರ್ ಎಂದರೆ ಬೇರೆ ವಾಡೊ! 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು.

ಫೈಬರ್ ಬಾಡಿಯಿಂದ ಒಂದು ಲಾಭ, ಒಂದು ತೊಂದರೆ. ತಗಡು ಸಿಗ್ನಲ್ ತಡೆಯುತ್ತದೆ, ಫೈಬರ್ ಬಿಡುತ್ತದೆ. ಹಾಗಾಗಿ ಆಂಟೆನಾವನ್ನು ಡ್ಯಾಶ್‌ಬೋರ್ಡ್ ಒಳಗೇ ಅಡಗಿಸಬಹುದು. ಆದರೆ ಫೈಬರ್‌ನಲ್ಲಿ ಕರೆಂಟ್ ಹರಿಯದು. ಬೇರೆ ಕಾರಿನಂತೆ ಬಾಡಿಗೇ ಅರ್ತ್ ಕೊಡಲಾಗದು. ಪ್ರತ್ಯೇಕ ವಯರನ್ನು ಬ್ಯಾಟರಿಯ ನೆಗೆಟಿವ್‌ಗೆ ಒಯ್ದೆ. ಪ್ಲಸ್ ವಯರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿದೆ. ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಫೈಬರ್ ಹೊತ್ತಿಕೊಳ್ಳುತ್ತದೆ, ಒಳಗೆ ಕೂತವರು ಮನುಷ್ಯರು.

ನಮ್ಮ ಮನೆಗಳಲ್ಲೂ ಉಪ್ಪನ ಕಾಲದ ಜೀಪು, ಅಂಬಾಸಿಡರ್ ಇರುತ್ತದೆ. ಹೊಸತು ಸೇರಿಸಿ, ಹಳತನ್ನು ಕೊಯ್ಯಬೇಡಿ. ಕಾಕನ ಕಾರಿನ ಹಳೆ ರೇಡಿಯೋ ವಯರುಗಳಿಗೆ ಚೀಟಿ ಕಟ್ಟಿ ಇಟ್ಟಿದ್ದೇನೆ. ನಾಳೆ ಅವರ ಮೊಮ್ಮಗ ಬಿಚ್ಚಿದರೂ ಮೊದಲಿನ ಕಾರೇ ಸಿಗಬೇಕು.