ಅಕ್ಕಿ ಚೀಲ ಮತ್ತು ಮೇಸ್ತ್ರಿಯ ಮಂಡಿ

ಅಕ್ಕಿಪೇಟೆಯ ಗಲ್ಲಿಗಳಲ್ಲಿ ಹಳೇ ಮನೆ ಕೆಡವಿ ಅಂಗಡಿ ಕಟ್ಟುವ ಕೆಲಸ ನಿಲ್ಲುವುದೇ ಇಲ್ಲ. ಮೊನ್ನೆ ಅಲ್ಲೊಂದು ಕಡೆ ಟೈಲ್ಸ್ ಕೂರಿಸುತ್ತಿದ್ದವರನ್ನು ನೋಡ್ತಾ ನಿಂತಿದ್ದೆ. ಮಂಡಿಯ ಕೆಳಗೆ ಮಡಿಸಿದ ಗೋಣಿಚೀಲ. "ನೋಯಲ್ವಾ ಮೇಸ್ತ್ರಿ?" ಅಂದೆ. "ಅಭ್ಯಾಸ ಆಗ್ಬಿಟ್ಟಿದೆ ಸಾರ್, ಬೆಳಿಗ್ಗೆ ಏಳೋವಾಗ ಮಾತ್ರ ಗೋಡೆ ಹಿಡ್ಕೋಬೇಕು" ಅಂದರು. ನಲವತ್ತೂ ಆಗಿರಲಿಕ್ಕಿಲ್ಲ!

ಅಕ್ಕಿಪೇಟೆಯಲ್ಲಿ ಚೀಲಕ್ಕೇನು ಬರವೇ? ಆದರೆ ಈ ಗೋಣಿಯದೇ ಒಂದು ತೊಂದರೆ. ಒದ್ದೆ ಸಿಮೆಂಟು ಸುಣ್ಣದ ಹಾಗೆ ಸುಡುವಂಥದ್ದು. ಗೋಣಿ ಆ ನೀರು ಹೀರಿಕೊಂಡು, ಮೈಭಾರ ಬಿದ್ದಾಗ ಚರ್ಮಕ್ಕೇ ಒತ್ತಿ ಹಿಡಿಯುತ್ತೆ. ಆಗ ಉರಿ ಗೊತ್ತಾಗದೇ ಹೋಗಬಹುದು. ಗಂಟೆಗಳಾದ ಮೇಲೆ ನೋಡಿದರೆ ಗಾಯ. ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಮೆತ್ತಗಿರಲ್ಲ, ಜಾರುತ್ತೆ ಬೇರೆ.

ಒಳಗಿನ ಪೆಟ್ಟು ಇನ್ನೊಂದು ಥರ. ಮಂಡಿಚಿಪ್ಪಿನ ಮುಂದೆ, ಚರ್ಮದ ಕೆಳಗೆ ಸಣ್ಣ ಚೀಲದಂಥದ್ದೊಂದಿದೆ (ಇಲ್ಲೂ ಚೀಲ ನೋಡಿ :-) ). ದಿನಾ ಗಟ್ಟಿ ನೆಲಕ್ಕೆ ಒತ್ತಿದರೆ ಅದು ನೀರು ತುಂಬಿ ಊದಿಕೊಳ್ಳುತ್ತೆ. ಇಂಗ್ಲಿಷಿನಲ್ಲಿ ಅದಕ್ಕೆ 'ಹೌಸ್‌ಮೇಡ್ಸ್ ನೀ', ಅಂದರೆ ಮನೆಗೆಲಸದವಳ ಮಂಡಿ ಅಂತಲೇ ಹೆಸರು. ವರ್ಷಗಟ್ಟಲೆ ಹೀಗೇ ಕೂತರೆ ಕೀಲೂ ಸವೆಯುತ್ತೆ.

ಜರ್ಮನಿಯಲ್ಲಿ 2009ರಿಂದ ಈ ಮಂಡಿಸವೆತ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಷರತ್ತು: ದುಡಿಮೆಯ ಜೀವನದಲ್ಲಿ ಕನಿಷ್ಠ 13,000 ಗಂಟೆ ಮಂಡಿಯೂರಿ ಕೆಲಸ ಮಾಡಿರಬೇಕು. ನಮ್ಮ ಮೇಸ್ತ್ರಿಗೆ ಈ ಲೆಕ್ಕ ಹಾಕಿ ನೋಡಿ. ದಿನಕ್ಕೆ 5 ಗಂಟೆ, ವರ್ಷಕ್ಕೆ 300 ದಿನ ಅಂದರೆ 1,500 ಗಂಟೆ. ಇಪ್ಪತ್ತಕ್ಕೆ ಕೆಲಸಕ್ಕೆ ಸೇರಿದವನು ಮೂವತ್ತರೊಳಗೆ ಆ ಗಡಿ ದಾಟಿರ್ತಾನೆ! ನಮ್ಮ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಕಾಯಿಲೆಪಟ್ಟಿಯಲ್ಲಿ ಮಂಡಿಸವೆತದ ಹೆಸರೇ ಇರಲಿಲ್ಲ.

ನೀರು ಹೀರದ, ದಪ್ಪ ಮಂಡಿ ಪ್ಯಾಡ್ ಸಿಗುತ್ತೆ. ಒಂದು ಜೊತೆಗೆ ಮೇಸ್ತ್ರಿಯ ಒಂದು ದಿನದ ಕೂಲಿಯಷ್ಟೂ ಆಗಲ್ಲ. ಪಟ್ಟಿ ಮಂಡಿಯ ಹಿಂದೆ ಕೊರೆಯುತ್ತೆ, ಬೆವರುತ್ತೆ ಅನ್ನುವವರಿಗೆ ಎಳೆದುಕೊಂಡು ಹೋಗಬಹುದಾದ ದಪ್ಪ ರಬ್ಬರ್ ಹಾಸು ಆದೀತು. ಆದರೆ ಪ್ಯಾಡ್ ತಡೆಯುವುದು ನೆಲದ ಒತ್ತಡವನ್ನು ಮಾತ್ರ. ಕಾಲು ಮಡಿಸಿಯೇ ಇದ್ದರೆ ಕೀಲಿನ ಮೇಲಿನ ಭಾರ ಹೋಗಲ್ಲ. ಆಗಾಗ ಏಳಬೇಕು, ಟೈಲ್ಸ್ ಕತ್ತರಿಸೋದನ್ನಾದರೂ ಮೇಜಿನ ಮೇಲಿಟ್ಟು ನಿಂತು ಮಾಡಬೇಕು. ಚದರಡಿ ಲೆಕ್ಕದಲ್ಲಿ ದುಡ್ಡು ಕೊಡುವಾಗ ಯಾರು ಏಳ್ತಾರೆ ಹೇಳಿ?

ಎಸ್ಟಿಮೇಟಿನಲ್ಲಿ ಸಿಮೆಂಟು, ಮರಳು, ಸಾಗಣೆ, ಟೀ ಖರ್ಚು ಎಲ್ಲಾ ಬರೆಸ್ತೀವಿ. ಕೂತು ಕೆಲಸ ಮಾಡುವವರು ಎಷ್ಟು ಜನವೋ ಅಷ್ಟು ಜೊತೆ ಪ್ಯಾಡ್ ಅಂತ ಇನ್ನೊಂದು ಸಾಲು ಬರೆಸಿ. ಕೆಲಸ ಮುಗಿದ ಮೇಲೆ ವಾಪಸ್ ಕೇಳಬೇಡಿ, ಅವರೇ ಇಟ್ಕೊಳ್ಳಲಿ.