ಮಲ್ಲವಿನೋದ

ಸಂಸ್ಕೃತ ಓದಿದವರಿಗೆ ಕುಸ್ತಿಯ ಗೊಡವೆ ಏಕೆಂದು ಕೇಳುವವರು ನಮ್ಮ ಬಡಾವಣೆಯಲ್ಲಿಯೂ ಇದ್ದಾರೆ. ಅವರು ಆ ಭಾಷೆಯ ಗ್ರಂಥಗಳನ್ನು ಬಿಚ್ಚಿ ನೋಡಿದವರಲ್ಲವೆಂದು ತಿಳಿದು ನಾವು ಸುಮ್ಮನಾಗುತ್ತೇವೆ. ವಿರಾಟಪರ್ವದಲ್ಲಿ ಅಡಿಗೆಯವನ ವೇಷದ ಭೀಮನು ಜೀಮೂತನೆಂಬ ಜಟ್ಟಿಯನ್ನು ಕೆಡಹುತ್ತಾನೆ. ಸಭಾಪರ್ವದಲ್ಲಿ ಅವನೂ ಜರಾಸಂಧನೂ ಕಾರ್ತಿಕ ಮಾಸದ ಮೊದಲ ದಿನ ತೊಡಗಿದ ಮಲ್ಲಯುದ್ಧವು ಚತುರ್ದಶಿಯ ರಾತ್ರಿಯವರೆಗೂ ನಡೆಯುತ್ತದೆ. ಭಾಗವತದ ದಶಮಸ್ಕಂಧದಲ್ಲಿ ಕೃಷ್ಣಬಲರಾಮರು ಕಂಸನ ರಂಗಕ್ಕೆ ಬಂದಾಗ, ಬೆಟ್ಟದಂತಹ ಜಟ್ಟಿಗಳಿಗೆ ಎಳೆಯ ಹುಡುಗರನ್ನು ಜೋಡಿ ಕಟ್ಟುವುದು ಅಧರ್ಮವೆಂದು ನೆರೆದ ಹೆಂಗಸರು ಮರುಗುತ್ತಾರೆ. ಜೋಡಿ ಸರಿಯಿಲ್ಲವೆಂದು ಪ್ರೇಕ್ಷಕರು ತಕರಾರೆತ್ತುವ ಪದ್ಧತಿ ಅಷ್ಟು ಪುರಾತನವಾದುದು. ಆದರೆ 2023ನೆಯ ಇಸವಿ ಸೆಪ್ಟೆಂಬರ್ 8ರ ಸಂಜೆ ಹೈದರಾಬಾದಿನಲ್ಲಿ ನಾವು ಕಂಡುದನ್ನು ಕುಸ್ತಿಯೆನ್ನಬೇಕೆ, ಬೇಡವೆ? ನಮ್ಮ ಮನೆಯ ವ್ಯಾಜ್ಯವೇ ಅದಾಗಿದ್ದಿತು.

ವ್ಯಾಜ್ಯದ ವಿವರವನ್ನು ಹೇಳಬೇಕಷ್ಟೆ. ಮಗಳು, ಅಳಿಯ, ಏಳನೆಯ ತರಗತಿಯಲ್ಲಿದ್ದ ಮೊಮ್ಮಗ, ಇವರೊಡನೆ ನಾವು ಅನ್ನಪೂರ್ಣೇಶ್ವರಿ ನಗರದಲ್ಲಿ ವಾಸವಾಗಿದ್ದೇವೆ. ಹುಡುಗನಿಗೆ ಡಬ್ಲ್ಯೂ.ಡಬ್ಲ್ಯೂ.ಇ. ಎಂಬ ಅಮೆರಿಕದ ಕಂಪೆನಿಯವರ ಕುಸ್ತಿಯೆಂದರೆ ಪ್ರಾಣ. ಅಳಿಯ ಯಂತ್ರಶಾಸ್ತ್ರ ಓದಿದ ಇಂಜಿನಿಯರು. ಲೆಕ್ಕ ತಪ್ಪಿದುದನ್ನೂ ಸುಳ್ಳು ಹೇಳಿದುದನ್ನೂ ಸಹಿಸತಕ್ಕವರಲ್ಲ. ಆ ಜೂನ್ ತಿಂಗಳಿನಲ್ಲಿ ಒಂದು ದಿನ ಹುಡುಗನ ಗೆಳೆಯರು ಮನೆಗೆ ಬಂದು ಟೆಲಿವಿಷನ್ನಿನ ಮುಂದೆ ಕೂಗಾಡುತ್ತಿದ್ದಾಗ ಅಳಿಯ ಒಳಗೆ ಬಂದವರು, "ಗೆಲ್ಲುವವನು ಯಾರೆಂದು ಮೊದಲೇ ಬರೆದಿಟ್ಟ ಆಟವಿದು. 1989ರಲ್ಲಿ ನ್ಯೂ ಜೆರ್ಸಿಯ ಶಾಸನಸಭೆಯ ಮುಂದೆ ಕಂಪೆನಿಯವರೇ ಒಪ್ಪಿಕೊಂಡಿದ್ದಾರೆ. ನಿಮಗೆ ಮೋಸಹೋಗುವುದರಲ್ಲಿಯೇ ಸಂತೋಷವೇನು?" ಎಂದರು. ಹೇಳಿದ ಸಂಗತಿ ನಿಜ. ಸರ್ಕಾರದ ಕ್ರೀಡಾ ಮಂಡಲಿಯ ಕಟ್ಟುಪಾಡಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಕಂಪೆನಿ ಹಾಗೆ ಒಪ್ಪಿಕೊಂಡಿತು. ಗೆಳೆಯರು ನಕ್ಕರು. ಮೊಮ್ಮಗ ನಗಲಿಲ್ಲ.

ಅಂದಿನಿಂದ ತಂದೆಯೊಡನೆ ಅವನ ಮಾತು ನಿಂತಿತು. ಬಾಲ್ಯದ ಮುನಿಸು, ನಾಲ್ಕು ದಿನಕ್ಕೆ ಕರಗೀತೆಂದು ನಾವೆಲ್ಲ ಉಪೇಕ್ಷಿಸಿದೆವು. ಎರಡು ತಿಂಗಳಾದರೂ ಕರಗಲಿಲ್ಲ. ಊಟದ ಮೇಜಿನಲ್ಲಿ ತಂದೆ ಎದುರಿಗೆ ಕುಳಿತಿದ್ದರೂ "ಅಮ್ಮಾ, ಶಾಲೆಯ ಚೀಟಿಗೆ ಸಹಿ ಬೇಕೆಂದು ಅಪ್ಪನಿಗೆ ಹೇಳು" ಎನ್ನುವನು. ತಂದೆಯೂ "ಪುಸ್ತಕ ಮುಚ್ಚಿ ಮಲಗಬೇಕೆಂದು ಅವನಿಗೆ ಹೇಳು" ಎನ್ನುವರು. ಇಬ್ಬರ ಹಟವೂ ಒಂದೇ ಅಚ್ಚಿನದು. ಒಂದು ರಾತ್ರಿ ಮಗಳು ನಮ್ಮ ಕೋಣೆಗೆ ಬಂದು, "ಅಪ್ಪಾ, ಇವರಿಬ್ಬರ ನಡುವೆ ನಾನು ಅಂಚೆಯವಳಾಗಿಬಿಟ್ಟಿದ್ದೇನೆ" ಎಂದು ಕಣ್ಣೊರಸಿಕೊಂಡಳು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳನ್ನು ನೋಡಿದ ನಮಗೆ ಮಾತನಾಡುವ ಹುಡುಗರ ಭಯವೆಂದೂ ಇರಲಿಲ್ಲ. ಮಾತು ಬಿಟ್ಟವರ ಭಯವಿದ್ದಿತು.

ಆ ಹೊತ್ತಿಗೆ ಕಂಪೆನಿಯವರು ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಜಿ.ಎಂ.ಸಿ. ಬಾಲಯೋಗಿ ಒಳಾಂಗಣ ಕ್ರೀಡಾಂಗಣಕ್ಕೆ ಬರುತ್ತಾರೆಂಬ ಪ್ರಕಟಣೆ ಬಂದಿತು. 2017ರಲ್ಲಿ ದೆಹಲಿಗೆ ಬಂದುಹೋದ ಮೇಲೆ ಅವರು ಈ ದೇಶದಲ್ಲಿ ಜನರೆದುರಿಗೆ ಆಡಿರಲಿಲ್ಲ. ಮಗಳು ಯಾರಿಗೂ ಹೇಳದೆ ಮೂರು ಟಿಕೇಟುಗಳನ್ನು ಕೊಂಡು, "ತಾತ, ಅಪ್ಪ, ಮಗ ಮೂವರೂ ಕಾರಿನಲ್ಲಿ ಹೋಗಿಬನ್ನಿ" ಎಂದಳು. ರೈಲಿನಲ್ಲಿ ಹೋದರೆ ಒಬ್ಬೊಬ್ಬರು ಒಂದೊಂದು ಬರ್ತಿನಲ್ಲಿ ಮುಸುಕೆಳೆದುಕೊಂಡಾರು. ಕಾರಿನಲ್ಲಿ ತಪ್ಪಿಸಿಕೊಳ್ಳಲು ಸ್ಥಳವಿಲ್ಲ. ಇದು ಅವಳ ಲೆಕ್ಕ. ಹೆಂಗಸರ ರಾಜನೀತಿಯನ್ನು ಕೌಟಿಲ್ಯನು ಪ್ರತ್ಯೇಕ ಅಧಿಕರಣವಾಗಿ ಬರೆಯಬೇಕಾಗಿದ್ದಿತು.

ಸೆಪ್ಟೆಂಬರ್ 7ರ ಬೆಳಗಿನ ಜಾವ ಹೊರಟೆವು. ಗೋಕುಲಾಷ್ಟಮಿಯ ಚಕ್ಕುಲಿ ಕೋಡುಬಳೆಗಳ ಡಬ್ಬ ನಮ್ಮ ತೊಡೆಯ ಮೇಲಿದ್ದಿತು. ಚಾಣೂರಮರ್ದನನ ಹಬ್ಬದ ತಿಂಡಿಯನ್ನು ತಿನ್ನುತ್ತ ಮಲ್ಲಯುದ್ಧ ನೋಡಲು ಹೋಗುವ ಯೋಗ ಎಷ್ಟು ಜನಕ್ಕೆ ಬರುತ್ತದೆ! ನಾಗರಭಾವಿಯ ವರ್ತುಲ ರಸ್ತೆಗೆ ತಿರುಗುವ ಮೊದಲೇ ಮೊಮ್ಮಗ, "ತಾತ, ಮಲ್ಲತ್ತಹಳ್ಳಿಯಲ್ಲಿಯೂ ಮಲ್ಲ ಇದ್ದಾನೆ" ಎಂದ. ಆಧಾರವಿಲ್ಲದ ವ್ಯುತ್ಪತ್ತಿಯನ್ನು ನಾವು ಒಪ್ಪುವವರಲ್ಲ. ಅಂದು ಮಾತ್ರ ಸುಮ್ಮನಿದ್ದೆವು. ಹೆಬ್ಬಾಳ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿದರೂ ಮುಂದಿನ ಎರಡು ಆಸನಗಳ ನಡುವೆ ಒಂದಕ್ಷರವೂ ಹೊರಳಲಿಲ್ಲ.

ಪೆನುಕೊಂಡೆಯ ಬೆಟ್ಟ ಕಂಡಾಗ ನಾವು ವಿಜಯನಗರದ ಕಥೆಯನ್ನು ತೆಗೆದೆವು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿದ್ದಾನೆ. ರಾಯನು ನಸುಕಿನಲ್ಲೆದ್ದು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರವೆತ್ತಿ, ಕತ್ತಿ ಬೀಸಿ ಬೆವರಿನೊಡನೆ ಎಣ್ಣೆಯನ್ನೆಲ್ಲ ಇಳಿಸಿ, ಆಮೇಲೆ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನಂತೆ. ಮಹಾನವಮಿಯ ಜಟ್ಟಿಕಾಳಗದಲ್ಲಿ ಹಲ್ಲು ಮುರಿದು ಕಣ್ಣು ಹೋಗಿ ಮಾತಿಲ್ಲದೆ ಬಿದ್ದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರೆಂದೂ ಅವನು ಹೇಳುತ್ತಾನೆ. ಆ ಪದ್ಧತಿಯ ಕುಡಿ ಮೈಸೂರಿನಲ್ಲಿ ಇನ್ನೂ ಇದೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ತೊಟ್ಟು ಇಳಿಯುತ್ತಾರೆ. ಎದುರಾಳಿಯ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿತೆಂದರೆ ಕಾಳಗ ಮುಗಿಯಿತು. ಎಲ್ಲವೂ ಕ್ಷಣಾರ್ಧದ ಮಾತು.

"ಅದು ನಿಜವಾದ ರಕ್ತ. ಮಾವ, ವ್ಯತ್ಯಾಸ ಅಲ್ಲಿಯೇ ಇರುವುದು" ಎಂದರು ಅಳಿಯ, ರಸ್ತೆಯಿಂದ ಕಣ್ಣು ತೆಗೆಯದೆ.

ನಮಗೆ ಬೇಕಾದುದೂ ಅದೇ. ಯಾರಾದರೂ ಬಾಯಿ ಬಿಡಬೇಕಾಗಿದ್ದಿತು. ಶ್ರೀಶಂಕುಕನೆಂಬ ಅಲಂಕಾರಿಕನ ಮತವನ್ನು ಅಭಿನವಗುಪ್ತನು ಉಳಿಸಿಕೊಟ್ಟಿದ್ದಾನೆ. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ ನಾವು ಕುದುರೆಯೆನ್ನುತ್ತೇವೆ. ಅದು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವಲ್ಲ, ಬರಿಯ ಹೋಲಿಕೆಯೂ ಅಲ್ಲ. ಇವು ನಾಲ್ಕಕ್ಕೂ ಬೇರೆಯಾದ ಒಂದು ಪ್ರತೀತಿ. ರಂಗದ ಮೇಲೆ ನಟನನ್ನು ರಾಮನೆಂದು ಕಾಣುವುದೂ ಹಾಗೆಯೇ. ಬಯಲಾಟದಲ್ಲಿ ದುರ್ಯೋಧನನ ತೊಡೆ ಮುರಿಯುವುದೆಂದು ಊರಿಗೆಲ್ಲ ಗೊತ್ತಿದ್ದರೂ ಜನ ಬೆಳಗಿನವರೆಗೆ ಕಾದು ಕುಳಿತಿರುತ್ತಾರೆ. ಯಾರೂ ಮೋಸವೆಂದು ದೂರು ಕೊಟ್ಟುದಿಲ್ಲ. ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಅನಂತಪುರ ಬಂದಿತು.

ಅಳಿಯ ಯೋಚಿಸಿ, "ನಾಟಕದವರು ಟಿಕೇಟಿನ ಮೇಲೆ ನಾಟಕವೆಂದು ಅಚ್ಚು ಹಾಕಿಸುತ್ತಾರೆ, ಮಾವ. ಪಂದ್ಯವೆಂದು ಹೇಳುವುದಿಲ್ಲ" ಎಂದರು. ಆಕ್ಷೇಪ ಗಟ್ಟಿಯಾದುದು. ನಾವು ಸಮಾಧಾನ ಹುಡುಕುತ್ತಿರುವಾಗ ಪಕ್ಕದ ಆಸನದಿಂದ ಹುಡುಗ, ಕಿಟಕಿಯ ಕಡೆಗೇ ಮುಖವಿಟ್ಟುಕೊಂಡು, "ತಾತ, ಡಬ್ಲ್ಯೂ.ಡಬ್ಲ್ಯೂ.ಇ. ಅನ್ನುವುದರಲ್ಲಿ ಕೊನೆಯ ಅಕ್ಷರ ಏನು ಎಂದು ಅಪ್ಪನನ್ನು ಕೇಳು" ಎಂದ.

ಎಂಟರ್‌ಟೇನ್‌ಮೆಂಟ್! 2002ರಲ್ಲಿ ವನ್ಯಜೀವಿ ಸಂರಕ್ಷಣೆಯ ಸಂಸ್ಥೆಯೊಂದಿಗೆ ಹೆಸರಿನ ವ್ಯಾಜ್ಯದಲ್ಲಿ ಸೋತು ಕಂಪೆನಿಯವರು ಹೆಸರು ಬದಲಿಸಿದಾಗ ಆ ಅಕ್ಷರವನ್ನು ತಾವಾಗಿಯೇ ಸೇರಿಸಿಕೊಂಡರು. ವರ್ಲ್ಡ್ ರೆಸ್ಲಿಂಗ್ ಎಂಟರ್‌ಟೇನ್‌ಮೆಂಟ್. ಇದನ್ನು ಕೇಳಿದೊಡನೆಯೇ ನಮಗೆ ಮೈ ಝುಮ್ಮೆಂದಿತು. ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳನ್ನು ಹೇಳುವಾಗ ಕುಸ್ತಿಗೊಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅದರ ಹೆಸರು ಮಲ್ಲವಿನೋದ. ಮಲ್ಲ ಎಂದರೆ ರೆಸ್ಲಿಂಗ್, ವಿನೋದ ಎಂದರೆ ಎಂಟರ್‌ಟೇನ್‌ಮೆಂಟ್. ಮಿಕ್ಕುದು ವರ್ಲ್ಡ್ ಒಂದೇ, ಚಕ್ರವರ್ತಿಗೆ ಅದನ್ನು ಬೇರೆ ಹೇಳುವ ಅಗತ್ಯವಿರಲಿಲ್ಲ. ಅವನ ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ದರ್ಜೆಗಳಿವೆ. ಜಟ್ಟಿಯೆಂಬ ನಮ್ಮ ಮಾತು ಈ ಜ್ಯೇಷ್ಠಿಯಿಂದಲೇ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಭಾರವೆತ್ತುವುದು ಭಾರಶ್ರಮ, ಬೆಳಗಿನ ನಡಿಗೆ ಭ್ರಮಣಶ್ರಮ, ಈಜು ಸಲಿಲಶ್ರಮ, ಕಂಬವನ್ನೇರುವುದು ಸ್ತಂಭಶ್ರಮ. ಸೋಮೇಶ್ವರನ ಅಖಾಡದಲ್ಲಿ ಸೋಲುಗೆಲುವು ಮೊದಲೇ ಬರೆದಿಟ್ಟುದಲ್ಲವೆಂಬುದನ್ನು ಮರೆಮಾಚದೆ ಅಳಿಯನಿಗೆ ಹೇಳಿದೆವು. ನೋಡುವವನಿಗೆ ಒದಗುವುದು ಮಾತ್ರ ವಿನೋದವೆಂದು ಸೋಮೇಶ್ವರನು ನಾಚಿಕೆಯಿಲ್ಲದೆ ಹೆಸರಿಟ್ಟಿದ್ದಾನೆ. ಅಳಿಯ ನಕ್ಕರು. ಮಗನ ಮಾತಿಗೆ ನಕ್ಕರೋ ನಮ್ಮ ಆವೇಶಕ್ಕೆ ನಕ್ಕರೋ ತಿಳಿಯದು.

ಕರ್ನೂಲಿನಲ್ಲಿ ತುಂಗಭದ್ರೆಯನ್ನು ದಾಟಿ, ಬೀಚುಪಲ್ಲಿಯಲ್ಲಿ ಕೃಷ್ಣೆಯ ದಡದ ಆಂಜನೇಯನಿಗೆ ಕೈಮುಗಿದೆವು. ಗರಡಿಯ ದೇವರು, ಹುಡುಗ ಬಹಳ ಹೊತ್ತು ಕಣ್ಣುಮುಚ್ಚಿ ನಿಂತಿದ್ದ. ಒಟ್ಟು ಸುಮಾರು 570 ಕಿಲೋಮೀಟರು ದಾರಿ.

ಮರುದಿನ ಸಂಜೆಯ ಗದ್ದಲವನ್ನು ವರ್ಣಿಸಲು ನಮಗೆ ಶಕ್ತಿಯಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಕುಳಿತೆವು. ಹಗ್ಗ ಕಟ್ಟಿದ ಚೌಕಕ್ಕೆ ಇಂಗ್ಲಿಷಿನವರು ಏಕೆ ಉಂಗುರವೆಂದು ಹೆಸರಿಟ್ಟರೋ! ಎಲ್ಲ ಪಂದ್ಯಗಳನ್ನೂ ಹೇಳಿ ವಾಚಕರಿಗೆ ಬೇಸರ ತರಿಸುವುದಿಲ್ಲ. ಆದರೆ ಒಂದನ್ನು ಬಿಡಲಾಗದು. ಕೆವಿನ್ ಓವೆನ್ಸ್, ಸಾಮಿ ಝೇನ್ ಎಂಬ ಜೋಡಿಗೆ ಎದುರಾಗಿ ವೀರ್, ಸಂಗ ಎಂಬ ನಮ್ಮ ದೇಶದ ಇಬ್ಬರು ಬಂದರು. ಸಂಗನನ್ನು ಕಂಡೊಡನೆಯೇ ಎಲ್ಲಿಯೋ ನೋಡಿದ ಮುಖವೆನ್ನಿಸಿತು. "ತಾತ, ಭೀಮ!" ಎಂದ ಹುಡುಗ. ಹೌದು, 2013ರಲ್ಲಿ ಟೆಲಿವಿಷನ್ನಿನಲ್ಲಿ ಬಂದು, 2020ರಲ್ಲಿ ಕನ್ನಡಕ್ಕೆ ಡಬ್ಬಾಗಿ ಮನೆಮನೆಯಲ್ಲಿಯೂ ನೋಡಿದ ಮಹಾಭಾರತದಲ್ಲಿ ಭೀಮಸೇನನಾಗಿದ್ದ ಸೌರವ್ ಗುರ್ಜರ್. ಜರಾಸಂಧನನ್ನು ಸೀಳಿದವನು ಕಣ್ಣೆದುರಿಗೆ ಹಗ್ಗ ದಾಟಿ ಒಳಗಿಳಿದ. ನಾವು ಹತ್ತಿಯನ್ನು ತೆಗೆದೆಸೆದೆವು.

ಭೀಮನ ಪಕ್ಷ ಸೋತಿತು. ಮೊದಲೇ ಬರೆದಿಟ್ಟ ಸೋಲೆಂದು ತಿಳಿದಿದ್ದೂ ನಮ್ಮ ಗಂಟಲು ಕಟ್ಟಿತು. ಶಂಕುಕನ ಕುದುರೆ ನಮ್ಮನ್ನೇ ಒದೆಯಿತೆನ್ನಬೇಕು. ಹುಡುಗ ತುಟಿ ಕಚ್ಚಿಕೊಂಡು ಕುಳಿತಿದ್ದ.

ಆಗ ಅಳಿಯ ಮುಂದಕ್ಕೆ ಬಾಗಿ ಮಗನ ಕಿವಿಯ ಹತ್ತಿರ, "ಬೀಳುವಾಗ ನೋಡಿದೆಯಾ? ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಬೆನ್ನು ಪೂರ್ತಿ ಒಟ್ಟಿಗೆ ತಾಗುತ್ತದೆ, ಕೈ ಎರಡೂ ಅಗಲ. ಭಾರ ಒಂದೇ ಕಡೆ ಬೀಳದ ಹಾಗೆ ಹಂಚಿಬಿಡುತ್ತಾರೆ" ಎಂದರು. ಎರಡು ತಿಂಗಳ ಮೇಲೆ ಅಂಚೆಯಿಲ್ಲದೆ ಹೋದ ಮೊದಲ ಮಾತು ಅದು.

ಹುಡುಗ ತಿರುಗಿ ನೋಡಿದ. "ಅದಕ್ಕೆ ಬಂಪ್ ಅಂತಾರೆ, ಅಪ್ಪಾ. ಅದನ್ನು ಕಲಿಯುವುದಕ್ಕೇ ತಿಂಗಳುಗಟ್ಟಲೆ ಬೇಕು."

"ಕೆಳಗೆ ಏನಿದೆ?"

"ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆ, ತೆಳ್ಳಗೆ ಫೋಮು, ಕ್ಯಾನ್ವಾಸ್. ಅಷ್ಟೇ."

"ಹಾಗಾದರೆ ನೋವಾಗುತ್ತದೆ."

"ಆಗುತ್ತದೆ, ಅಪ್ಪಾ. ಗೆಲ್ಲುವುದು ಮಾತ್ರ ಬರೆದಿರುತ್ತದೆ. ಬೀಳುವುದನ್ನು ಅವರೇ ಬೀಳಬೇಕು." ಹುಡುಗ ಡ್ರೋಜ್‌ಡೊವ್ ಎಂಬುವನ ಸಂಗತಿಯನ್ನು ಹೇಳಿದ. 1999ರಲ್ಲಿ ಪಂದ್ಯದ ನಡುವೆ ಎತ್ತಿದ ಪಟ್ಟು ತಪ್ಪಿ ಕತ್ತು ಮುರಿದು, ಕೈಕಾಲು ಸ್ವಾಧೀನ ತಪ್ಪಿ, ಆ ಜೂನ್ ತಿಂಗಳ ಕೊನೆಯಲ್ಲಿ ತೀರಿಕೊಂಡವನು. ಹುಡುಗ ಅದನ್ನು ಓದಿ ಹೆಚ್ಚು ದಿನವಾಗಿರಲಿಲ್ಲ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅಳಿಯ ಏನೂ ಹೇಳಲಿಲ್ಲ. ಕೈಯನ್ನು ಮಗನ ಕುರ್ಚಿಯ ಹಿಂದಕ್ಕೆ ಚಾಚಿದರು. ಅದು ಅಲ್ಲಿಯೇ ಇದ್ದಿತು.

ಜಾನ್ ಸೀನಾ ಬಂದಾಗ ಛಾವಣಿಯೇ ಹಾರಿಹೋದೀತೆನ್ನಿಸಿತು. ಸೇತ್ ರಾಲಿನ್ಸನೊಡನೆ ಸೇರಿ ಕೈಸರ್, ವಿಂಚಿ ಎಂಬಿಬ್ಬರನ್ನು ಅವನು ಸೋಲಿಸಿದ. ಐದು ಬೆರಳನ್ನು ಮುಖದ ಮುಂದೆ ಆಡಿಸಿ "ನಾನು ನಿನ್ನ ಕಣ್ಣಿಗೆ ಕಾಣೆ" ಎಂದು ಸನ್ನೆ ಮಾಡುವುದು ಅವನ ಪ್ರಸಿದ್ಧ ಮುದ್ರೆ. ಸಾವಿರಾರು ಜನ ಒಟ್ಟಿಗೆ ಹಾಗೆ ಕೈಯಾಡಿಸಿದರು, ನಾವೂ ಆಡಿಸಿದೆವು. ಭರತನ ಹಸ್ತಾಭಿನಯಗಳಲ್ಲಿ ಇದು ಯಾವುದಕ್ಕೆ ಸೇರುತ್ತದೆಂಬುದನ್ನು ಇನ್ನೂ ವಿಚಾರಿಸುತ್ತಿದ್ದೇವೆ.

ಹಿಂದಿರುಗುವ ದಾರಿಯಲ್ಲಿ ನಾವು ನಿದ್ರಿಸಲಿಲ್ಲವಾದರೂ ಕಣ್ಣು ಮುಚ್ಚಿಕೊಂಡಿದ್ದೆವು. ಹಾಗಿರುವುದು ಆ ದಿನ ಹಿರಿಯರ ಕರ್ತವ್ಯವಾಗಿದ್ದಿತು. ಅಳಿಯನ ಅಭಿಪ್ರಾಯವೇನೂ ಬದಲಾಗಲಿಲ್ಲ. ಬರೆದಿಟ್ಟ ಗೆಲುವನ್ನು ಗೆಲುವೆಂದು ಕರೆಯಲಾರೆನೆಂದು ಕರ್ನೂಲಿನಲ್ಲಿಯೂ ಹೇಳಿದರು, ಗುತ್ತಿಯಲ್ಲಿಯೂ ಹೇಳಿದರು. ಹುಡುಗ ಎರಡು ಕಡೆಯೂ ಖಂಡಿಸಿದ.

ರಾತ್ರಿ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಕಾರುಗಳ ಸಾಲಿನಲ್ಲಿ ನಿಂತಿದ್ದಾಗ ಮಗಳ ಫೋನು ಬಂದಿತು. "ಅಪ್ಪಾ, ಏನು ಮಾಡುತ್ತಿದ್ದಾರೆ ಇಬ್ಬರೂ?"

"ಜಗಳವಾಡುತ್ತಿದ್ದಾರಮ್ಮ. ಹಲಗೆಯ ಕೆಳಗೆ ಸ್ಪ್ರಿಂಗು ಇದೆಯೋ ಇಲ್ಲವೋ ಅಂತ."

ಅವಳು ಒಂದು ಕ್ಷಣ ಸುಮ್ಮನಿದ್ದಳು. "ನೇರವಾಗಿಯೇ?"

"ನೇರವಾಗಿಯೇ" ಎಂದೆವು.